ಕುರಿಯ ಗಂಟಲಲ್ಲಿ ಅಯೋಡಿನ್

೧೯೬೭ರಲ್ಲಿ, ಏಳನೇ ಕ್ಲಾಸಿನ ಮಧ್ಯದಲ್ಲಿ, ನಾನು ಶಾಲೆ ಬಿಟ್ಟೆ. ಮನೆಯವರು ಬಿಡಿಸಲಿಲ್ಲ, ಮೇಷ್ಟರು ಓಡಿಸಲಿಲ್ಲ, ನಾನೇ ಬಿಟ್ಟೆ. ಮಾರನೇ ದಿನದಿಂದಲೇ ದುಡಿದೆ. ಅವತ್ತಿನಿಂದ ಇವತ್ತಿನವರೆಗೆ ನನ್ನ ಕೆಲಸದ ಮೇಲೆ ಯಾರೂ ಒಂದು ಮಾತು ಆಡಿಲ್ಲ ಎಂದು ಬರೆಯಲು ನನಗೆ ಬಹಳ ಆಸೆ. ಹಾಗೆ ಬರೆಯಲಾಗದಂತೆ ಮಾಡಿದ್ದು ೧೯೮೬ರ ಬೇಸಿಗೆಯ ಕೆಲವು ವಾರಗಳು.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್‌ನಲ್ಲಿ ಅಣು ವಿದ್ಯುತ್ ಸ್ಥಾವರವೊಂದು ಸಿಡಿದು, ಒಳಗಿನ ಇಂಧನ ಕರಗಿಹೋಯಿತು. ನಾನು ಅದನ್ನು ಚನ್ನಗಿರಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಪರಿನಲ್ಲಿ ನೋಡಿ, ಪೇಪರ್ ಮಡಿಚಿಟ್ಟು ಟೀ ಕುಡಿದು ಎದ್ದು ಬಂದಿದ್ದೆ. ಅಷ್ಟು ದೂರದ ಬೆಂಕಿ ನಮ್ಮ ಕಡೆಯ ಹುಲ್ಲಿಗೆ ಬರುತ್ತದೆಂದು ಯಾರಿಗೆ ಗೊತ್ತು? ಎರಡು ವಾರ ಕಳೆಯುವುದರೊಳಗೆ ಒಂದು ಪ್ರಯೋಗಾಲಯದ ತಂಡ ಊರಿಗೆ ಬಂತು. ತಂಡ ಎಂದರೆ ಇಬ್ಬರು. ಒಬ್ಬರು ವಿಜ್ಞಾನಿ, ಐವತ್ತರ ಹತ್ತಿರದ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಇನ್ನೊಬ್ಬ ಅವರ ಸಹಾಯಕ, ಎಂ.ಎಸ್ಸಿ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದವನು. ಹಿಂದೊಮ್ಮೆ ಮಣ್ಣು ಪರೀಕ್ಷೆಯವರಿಗೆ ನಾನು ಗುಂಡಿ ತೋಡಿ ಚೀಲಕ್ಕೆ ಚೀಟಿ ಕಟ್ಟಿಕೊಟ್ಟಿದ್ದೆ. ಅವರಲ್ಲಿ ಯಾರೋ ನನ್ನ ಹೆಸರು ಹೇಳಿದ್ದರಂತೆ. ಮೇಡಂ ನನ್ನಿಂದ ಒಂದು ಚೀಟಿ ಬರೆಸಿ ನೋಡಿ, ಅಕ್ಷರ ಚೆನ್ನಾಗಿದೆ ಅಂದು ದಿನಗೂಲಿಗೆ ಇಟ್ಟುಕೊಂಡರು.

ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರ ಗೋದಾಮಿನ ಹಿಂದಿನ ಕೋಣೆ ನಮ್ಮ ಪ್ರಯೋಗಾಲಯ. ಗೋಡೆ ದಪ್ಪ, ಕಿಟಕಿ ಒಂದೇ. ಮೊದಲ ಎರಡು ದಿನ ನನ್ನ ಕೆಲಸ ಸೀಸದ ಇಟ್ಟಿಗೆ ಹೊರುವುದು. ನೋಡಲು ಅಂಗೈಗಿಂತ ಸ್ವಲ್ಪ ದೊಡ್ಡದು, ಎತ್ತಿದರೆ ಹನ್ನೊಂದು ಕೆಜಿ ಮೇಲೆ. ಅವನ್ನು ಗೂಡಿನ ಹಾಗೆ ಜೋಡಿಸಿ ನಡುವೆ ಅಳೆಯುವ ಯಂತ್ರದ ಕಣ್ಣು ಇಡಬೇಕು. ಮಣ್ಣು, ಗೋಡೆ, ಆಕಾಶ ಎಲ್ಲದರಿಂದಲೂ ಸಣ್ಣ ಪ್ರಮಾಣದ ವಿಕಿರಣ ಸದಾ ಬರುತ್ತಲೇ ಇರುತ್ತದೆ. ಅದನ್ನು ತಡೆಯದೆ ಇದ್ದರೆ ನಮಗೆ ಬೇಕಾದ ಸಣ್ಣ ಸದ್ದು ಕೇಳಿಸುವುದಿಲ್ಲ ಎಂದು ಮೇಡಂ ಹೇಳಿದರು. ಕರೆಂಟು ಏರಿಳಿದರೆ ಲೆಕ್ಕವೇ ಕೆಡುತ್ತದೆಂದು ಒಂದು ಸ್ಟೆಬಿಲೈಸರ್ ಬೇರೆ. ಅದು ಗುಂಯ್ ಅನ್ನುತ್ತಲೇ ಇರುತ್ತಿತ್ತು.

ನಮಗೆ ಬೇಕಾಗಿದ್ದು ಅಯೋಡಿನ್. ಅಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಸಿಗುವುದರ ಅಣ್ಣತಮ್ಮ, ಆದರೆ ಅಣು ಇಂಧನ ಉರಿದಾಗ ಹುಟ್ಟಿದ್ದು. ಗಾಳಿಯಲ್ಲಿ ತೇಲಿ ಬರುತ್ತದೆ, ಮಳೆ ಬಂದಲ್ಲಿ ಇಳಿಯುತ್ತದೆ, ಹುಲ್ಲಿಗೆ ಅಂಟುತ್ತದೆ. ಹುಲ್ಲು ಮೇಯ್ದ ಕುರಿ ಆಡು ಅದನ್ನು ಗಂಟಲ ಹತ್ತಿರದ ಒಂದು ಗ್ರಂಥಿಯಲ್ಲಿ ಕೂಡಿಡುತ್ತವೆ. ಹತ್ತು ಎಕರೆ ಹುಲ್ಲು ಕೊಯ್ದು ಅಳೆದರೂ ಸಿಗದದ್ದು ಒಂದು ಕುರಿಯ ಗಂಟಲಲ್ಲಿ ಸಿಗುತ್ತದೆ. ಜನಕ್ಕೆ ಅಪಾಯ ಮಾಡುವಷ್ಟು ಏನೂ ಇಲ್ಲಿಗೆ ಬಂದಿರಲಾರದು, ಆದರೆ ಎಷ್ಟು ಬಂದಿದೆ, ಎಲ್ಲಿ ಇಳಿದಿದೆ ಎಂದು ಅಳೆದೇ ಹೇಳಬೇಕು ಎಂದರು ಮೇಡಂ. ಆಮೇಲೆ ನನ್ನ ನೆಮ್ಮದಿ ಕಿತ್ತುಕೊಂಡ ಮಾತು ಹೇಳಿದರು. ಈ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ. ಮತ್ತೆ ಎಂಟು ದಿನಕ್ಕೆ ಅದರಲ್ಲಿ ಅರ್ಧ. ಜೂನ್ ಮುಗಿಯುವ ಹೊತ್ತಿಗೆ ಹುಡುಕಿದರೂ ಸಿಗುವುದಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೂ ಏನೋ ಸೋರಿಹೋಗುತ್ತಿದೆ ಅನ್ನಿಸುತ್ತಿತ್ತು.

ನಮ್ಮದು ಮಾಂಸ ಮುಟ್ಟದ ಮನೆ, ನನ್ನ ಕೊರಳಲ್ಲಿ ಲಿಂಗ. ಹೊನ್ನಾಳಿಯ ಮಟನ್ ಅಂಗಡಿಯ ಮುಂದೆ ಮೊದಲ ದಿನ ಅರ್ಧ ಗಂಟೆ ನಿಂತಿದ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಅಂಗಡಿಯವರು ವಯಸ್ಸಾದ ಸಾಬರು, ನನ್ನ ಹಣೆಯ ವಿಭೂತಿ ನೋಡಿ, ದಾರಿ ತಪ್ಪಿ ಬಂದಿರಬೇಕು, ಮಠ ಆ ಕಡೆ ಐತೆ ಅಂದರು. ಸುತ್ತ ನಿಂತವರು ನಕ್ಕರು. ನಾನು ಗ್ರಂಥಿ ಬೇಕು ಎಂದು ಕೆಲಸ ವಿವರಿಸಿದೆ. ಅವರು ನಗಲಿಲ್ಲ. ಚಾಕುವಿನ ತುದಿಯಲ್ಲಿ ತೋರಿಸಿಕೊಟ್ಟರು. ಗಂಟಲ ಗಂಟಿನ ಕೆಳಗೆ, ಉಸಿರುಗೊಳವೆಯ ಎರಡೂ ಬದಿಗೆ, ಕಡುಗೆಂಪು ಅವರೆಕಾಳಿನ ಹಾಗೆ ಎರಡು. ಸುತ್ತಲ ಕೊಬ್ಬು ಬಿಡಿಸಬೇಕು. ಸೀಳಬಾರದು. ಮೂರನೇ ದಿನಕ್ಕೆ ನಾನೇ ಬಿಡಿಸುತ್ತಿದ್ದೆ. ಸಂಜೆ ಮನೆಗೆ ಹೋದರೆ ಅವ್ವ ಬಾವಿಕಟ್ಟೆಯಿಂದ ಈಚೆಗೆ ಬಿಡುತ್ತಿರಲಿಲ್ಲ. ಎರಡು ಬಿಂದಿಗೆ ಸುರಿದುಕೊಂಡ ಮೇಲೆಯೇ ಊಟ. ಸರ್ಕಾರದ ಕೆಲಸಕ್ಕೆ ಗಂಟಲೇ ಬೇಕಾಯ್ತಾ, ಬೇರೆ ಏನೂ ಸಿಗಲಿಲ್ವಾ ಎಂದು ದಿನಾ ಒಂದೇ ಪ್ರಶ್ನೆ.

ಗ್ರಂಥಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ, ಕೊಳೆಯದಂತೆ ಫಾರ್ಮಾಲಿನ್ ಇದ್ದ ಸೀಸೆಗೆ ಹಾಕಿ, ಮುಚ್ಚಳಕ್ಕೆ ಮೇಣ ಒತ್ತಿ, ಚೀಟಿ ಅಂಟಿಸುತ್ತಿದ್ದೆ. ಚೀಟಿಯಲ್ಲಿ ನಾಲ್ಕು ಕಾಲಂ. ಕೊಯ್ದ ದಿನ, ಹೊತ್ತು, ತೂಕ, ಊರು. ಅದೇ ನಾಲ್ಕನ್ನೂ ನೋಟ್‌ಬುಕ್ಕಿನಲ್ಲೂ ಬರೆದು, ಅಂಗಡಿ ಯಾವುದು, ಕುರಿ ಕೊಟ್ಟವರು ಯಾರು ಎಂದೂ ಪಕ್ಕದಲ್ಲಿ ಗುರುತು ಹಾಕುತ್ತಿದ್ದೆ. ಸೀಸೆಗಳನ್ನು ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ನಿಲ್ಲಿಸಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಮೇ ಕೊನೆಯ ಹೊತ್ತಿಗೆ ಅರವತ್ತೊಂದು ಸೀಸೆ ಆದವು. ಒಂದೂ ಒಡೆದಿರಲಿಲ್ಲ. ನನಗೆ ಹೆಮ್ಮೆ ಇತ್ತು, ಇಲ್ಲ ಎಂದು ಯಾಕೆ ಹೇಳಲಿ.

ಒಂದು ಬೆಳಿಗ್ಗೆ ಕೋಣೆಗೆ ಹೋದಾಗ ಮೇಡಂ ಗೋಡೆಗೆ ಒಂದು ನಕ್ಷೆ ಹಚ್ಚಿದ್ದರು. ಮಳೆ ಎಲ್ಲೆಲ್ಲಿ ಆಗಿತ್ತು ಎಂಬ ನಕ್ಷೆ. ಮೇ ಮೊದಲಲ್ಲಿ ನ್ಯಾಮತಿ, ಹೊನ್ನಾಳಿ ಕಡೆ ಜೋರು ಮಳೆ. ಚನ್ನಗಿರಿಗೆ ತುಂತುರು. ಜಗಳೂರಿಗೆ ಹನಿಯೂ ಇಲ್ಲ. ಲೆಕ್ಕವೂ ಹಾಗೇ ಬಂದಿತ್ತು. ನ್ಯಾಮತಿಯ ಹದಿಮೂರು ಸೀಸೆಯಲ್ಲಿ ಅಯೋಡಿನ್ ಎದ್ದು ಕಾಣುತ್ತಿತ್ತು, ಹೊನ್ನಾಳಿಯದರಲ್ಲಿ ಅದಕ್ಕಿಂತ ಕಡಿಮೆ, ಚನ್ನಗಿರಿಯದರಲ್ಲಿ ಇನ್ನೂ ಕಡಿಮೆ. ಮೇಡಂ ಮುಖದಲ್ಲಿ ನಾನು ಮೊದಲ ಸಲ ಖುಷಿ ನೋಡಿದ್ದು ನ್ಯಾಮತಿಯ ಹದಿಮೂರನ್ನು ತೋರಿಸುವಾಗ. ಆದರೆ ಜಗಳೂರು ಎಂದು ಚೀಟಿ ಇದ್ದ ಹದಿನೆಂಟರಲ್ಲಿ ಏಳು ಖಾಲಿ, ಹನ್ನೊಂದು ನ್ಯಾಮತಿಯದಕ್ಕೆ ತುಸು ಕಡಿಮೆ, ಹೊನ್ನಾಳಿಯದನ್ನು ಮೀರಿದ್ದವು. ಒಂದೇ ತಾಲೂಕು, ಒಂದೇ ವಾರ. ಮಳೆಯೇ ಇಲ್ಲ.

ಸಹಾಯಕ ನನ್ನ ಕಡೆ ನೋಡದೆ ಮಾತಾಡಿದ. ಪೆಟ್ಟಿಗೆಯಲ್ಲಿ ಸೀಸೆ ಕಲಸಿಹೋಗಿವೆ, ಚೀಟಿ ಆಮೇಲೆ ಅಂಟಿಸಿದ್ದಾರೆ ಎಂದ. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ.

"ಏಳನೇ ಕ್ಲಾಸ್ ಫೇಲಾದವರ ಕೈಲಿ ಸ್ಯಾಂಪಲ್ ತರಿಸಿದ್ರೆ ಇಷ್ಟೇ ಮೇಡಂ."

"ಫೇಲಾಗಿಲ್ಲ, ಬಿಟ್ಟಿದ್ದು," ಅಂದೆ.

ಮೇಡಂ ಅವನನ್ನು ಸುಮ್ಮನಿರಿಸಿ, ಪೆಟ್ಟಿಗೆ ಎಲ್ಲಾದರೂ ಬಿತ್ತಾ, ಒಂದು ದಿನವಾದರೂ ಚೀಟಿ ತಡವಾಗಿ ಅಂಟಿಸಿದ್ದುಂಟಾ ಎಂದು ಕೇಳಿದರು. ಇಲ್ಲ ಅಂದೆ. ಅವರು ನನ್ನ ಮಾತನ್ನು ಸುಳ್ಳು ಅನ್ನಲಿಲ್ಲ. ಆದರೆ ನಂಬಿದರೂ ವರದಿಗೆ ಕಾರಣ ಬೇಕು, ಕಾರಣ ಇಲ್ಲದಿದ್ದರೆ ಜಗಳೂರಿನ ಸೀಸೆಗಳನ್ನೆಲ್ಲ ಕೈಬಿಟ್ಟು, ಸಂಗ್ರಹಿಸಿದವರ ತಪ್ಪು ಎಂದು ಬರೆಯಬೇಕಾಗುತ್ತದೆ ಅಂದರು. ಸೋಮವಾರ ವರದಿ ಹೋಗುತ್ತದೆ. ಅಂದು ಬುಧವಾರ. ಹಾಗೆ ಬರೆದರೆ ನಾಳೆ ನನ್ನನ್ನು ಯಾರು ಯಾವ ಕೆಲಸಕ್ಕೆ ಕರೆಯುತ್ತಾರೆ? ನನಗೆ ಸರ್ಟಿಫಿಕೇಟ್ ಇರಲಿಲ್ಲ. ನನ್ನ ಕೈಬರಹವೇ ನನ್ನ ಸರ್ಟಿಫಿಕೇಟ್.

ಗುರುವಾರ ಮೊದಲ ಬಸ್ಸಿಗೆ ಜಗಳೂರಿಗೆ ಹೋದೆ. ಅಲ್ಲಿನ ಅಂಗಡಿಯವನಿಗೆ ನೋಟ್‌ಬುಕ್ ತೋರಿಸಿ ಒಂದೊಂದೇ ಸೀಸೆ ಓದಿದೆ. ಈ ಕುರಿ ಯಾವೂರದು, ಇದು ಯಾವೂರದು. ಅವನು ತಡವರಿಸದೆ ಹೇಳಿದ. ನಾನು ಬರೆದದ್ದಕ್ಕೂ ಅವನು ಹೇಳಿದ್ದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಅಯೋಡಿನ್ ಇದ್ದ ಹನ್ನೊಂದರಲ್ಲಿ ಎಂಟು ಅದೇ ತಾಲೂಕಿನ ಬಿಳಿಚೋಡು ಎಂಬ ಊರಿನ ಒಬ್ಬನೇ ಕುರಿಗಾರನ ಮಂದೆಯವು. ಚೀಟಿ ಸರಿಯಿತ್ತು. ಸರಿಯಿದ್ದೂ ತಪ್ಪಾಗಿದೆ ಅಂದರೆ ಯಾರ ಮುಂದೆ ಹೇಳಿಕೊಳ್ಳುವುದು? ಅಂಗಡಿ ಮುಂದೆ ಸುಮ್ಮನೆ ಅತ್ತಿಂದಿತ್ತ ನಡೆದೆ. ನಿಂತರೆ ಸಹಾಯಕನ ಮಾತು ಕಿವಿಗೆ ಬರುತ್ತಿತ್ತು. ಕೊನೆಗೆ ಬಿಳಿಚೋಡಿಗೆ ಹೋಗುವ ಬಸ್ಸು ಹತ್ತಿದೆ.

ಕುರಿಗಾರ ಊರ ಹೊರಗೆ ಹಟ್ಟಿಯ ಬೇಲಿಗೆ ಮುಳ್ಳು ಸೇರಿಸುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ನಾನು ಕುರಿಗೆ ಏನು ತಿನ್ನಿಸುತ್ತೀ, ಯಾವ ನೀರು ಕುಡಿಸುತ್ತೀ, ಔಷಧಿ ಏನಾದರೂ ಹಾಕಿಸಿದ್ದೆಯಾ ಎಂದು ಒಂದೇ ಸಮ ಕೇಳುತ್ತಾ ಹೋದೆ. ಅವನು ಮುಳ್ಳು ಬಿಡದೆ ಹೂಂ, ಉಹೂಂ ಅನ್ನುತ್ತಿದ್ದ. ಸುತ್ತ ನೋಡಿದರೆ ಹಸಿರು ಎನ್ನುವುದು ಕಳ್ಳಿಯಲ್ಲಿ ಮಾತ್ರ. ಇಲ್ಲಿ ಏನು ಮೇಯ್ತಾವೆ ಇವು ಅಂದೆ, ನನಗೇ ಹೇಳಿಕೊಂಡ ಹಾಗೆ.

"ಇಲ್ಲೇನ್ ಮೇಯ್ತಾವ್ರೀ," ಅಂದ. "ಇಲ್ಲಿಗೆ ಬಂದು ಇನ್ನೂ ಹದಿನೈದು ದಿನ ಆಗಿಲ್ಲ."

"ಮತ್ತೆ ಎಲ್ಲಿದ್ವು?"

"ನಿಮ್ಮ ಸೀಮೇಲೇ ಇದ್ವು. ನ್ಯಾಮತಿ ಕಡೆ ಗದ್ದೇಲಿ ಮಂದೆ ನಿಲ್ಸಿದ್ವಿ. ಮಳೆ ಹುಯ್ತು ನೋಡ್ರಿ, ಚಿಗುರು ನಾಕು ದಿನ ಮೇಯಿಸ್ಕಂಡು ಹೊಂಟ್ವಿ. ಒದ್ದೆ ಗದ್ದೇಲಿ ಕುರಿ ಕಾಲು ಕೊಳೀತಾವೆ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಬೇಸಿಗೆ ಬಂತೆಂದರೆ ಜಗಳೂರು ಕಡೆಯ ಮಂದೆಗಳು ಕಾಲುವೆ ನೀರಿನ ಸೀಮೆಗೆ ನಡೆದು ಬರುತ್ತವೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರ ಗದ್ದೆಗೆ, ಕಾಳುಕಡ್ಡಿ ಕುರಿಗಾರನಿಗೆ. ನಮ್ಮ ಗದ್ದೆಯಲ್ಲೇ ವರ್ಷವರ್ಷ ನಿಲ್ಲಿಸಿದ್ದಾರೆ. ಅವರಿಗೆ ಮಜ್ಜಿಗೆ ಕೊಟ್ಟು ಬಂದವನು ನಾನೇ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಅಂಗಡಿ ಮುಂದೆ ನಿಂತು, ಯಾವೂರು ಕುರಿ ಎಂದು ಕೇಳಿದ್ದೆ. ನಮ್ಮ ಕಡೆ ಯಾವೂರು ಅಂದರೆ ಮನೆ ಇರುವ ಊರು. ಮದುವೆ ಮನೆಯಲ್ಲಿ ಕೇಳಿದರೂ ಅದೇ, ಸಂತೆಯಲ್ಲಿ ಕೇಳಿದರೂ ಅದೇ. ಎಂಟು ತಿಂಗಳು ಹೊರಗಿದ್ದರೂ ಅವನ ಊರು ಬಿಳಿಚೋಡು, ಅವನ ಕುರಿಯ ಊರೂ ಬಿಳಿಚೋಡು. ಅವನು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದೇ ಬೇರೆ.

ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. ಕೈಗೆ ನೀರಿನ ಚೊಂಬು ಕೊಟ್ಟು, "ಎಲ್ಲಾರೂ ಯಾವೂರೋನು ಅಂತಾರೆ," ಅಂದ. "ಎಲ್ಲಿಂದ ನಡ್ಕಂಡು ಬಂದೆ ಅಂತ ಯಾರ್ ಕೇಳ್ತಾರ್ರೀ? ನೀವೇ ಮೊದಲು."

ಖಾಲಿ ಬಂದ ಏಳು ಸೀಸೆಯ ಕುರಿ ಕೊಟ್ಟವರ ಹೆಸರು ಓದಿದೆ, ಅವರೂ ಅವನಿಗೆ ಗೊತ್ತಿದ್ದವರೇ, ಅವುಗಳ ಕಥೆಯೂ ಅಲ್ಲೇ ಬಿಚ್ಚಿಕೊಂಡಿತು. ಅವು ಮನೆ ಮುಂದೆ ಗೂಟಕ್ಕೆ ಕಟ್ಟಿ, ಹಳೆ ಹೊಟ್ಟು ಹಾಕಿ ಸಾಕಿದ ಒಂಟಿ ಕುರಿಗಳು. ಎಲ್ಲಿಗೂ ಹೋಗಿದ್ದವಲ್ಲ. ನ್ಯಾಮತಿಗೆ ಅಯೋಡಿನ್ ಇಳಿಸಿದ ಮಳೆಯೇ ಈ ಮಂದೆಯನ್ನು ಬಿಳಿಚೋಡಿಗೆ ಓಡಿಸಿತ್ತು.

ವಾಪಸ್ ಬಸ್ಸಿನಲ್ಲಿ ದಾವಣಗೆರೆ ತನಕ ನಾನು ರಾಜನ ಹಾಗೆ ಕೂತಿದ್ದೆ. ಸಹಾಯಕನಿಗೆ ಏನೇನು ಅನ್ನಬೇಕು ಎಂದು ಒಂದೊಂದೇ ಮಾತು ಜೋಡಿಸುತ್ತಿದ್ದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ನೋಟ್‌ಬುಕ್ ಮತ್ತೆ ಬಿಚ್ಚಿದೆ, ಯಾಕೆ ಬಿಚ್ಚಿದೆನೋ. ಜಗಳೂರಿನ ಪುಟ ದಾಟಿ ನ್ಯಾಮತಿಯ ಪುಟ ಬಂತು. ಊರು: ನ್ಯಾಮತಿ. ಊರು: ನ್ಯಾಮತಿ. ಹದಿಮೂರು ಸಲ. ಅಲ್ಲೂ ನಾನು ಕೇಳಿದ್ದು ಅದೇ ಪ್ರಶ್ನೆ. ಆ ಹದಿಮೂರನ್ನೂ ಒಬ್ಬ ದಲ್ಲಾಳಿಯಿಂದ ಅಂಗಡಿಗೆ ತಂದಿದ್ದರು. ಅವನ ಮನೆ ನ್ಯಾಮತಿ. ಕುರಿ ಎಲ್ಲಿ ಮೇಯ್ದಿತ್ತು? ಹೊನ್ನಾಳಿಯ ಹದಿನಾರು, ಚನ್ನಗಿರಿಯ ಹದಿನಾಲ್ಕು?

ಅಲ್ಲಿಂದ ಚನ್ನಗಿರಿಗೆ ಬರುವ ದಾರಿಯಲ್ಲಿ ಸೀಟು ಇದ್ದರೂ ನಿಂತೇ ಬಂದೆ. ಜಗಳೂರಿನದು ಎದ್ದು ಕಾಣುವ ತಪ್ಪು, ಅದಕ್ಕೆ ಕಾರಣ ಸಿಕ್ಕಿದೆ, ನನ್ನ ಹೆಸರು ಉಳಿಯುತ್ತದೆ. ಉಳಿದ ಮೂರು ಊರಿನ ಲೆಕ್ಕ ಮಳೆಯ ನಕ್ಷೆಗೆ ಹೊಂದಿಕೊಂಡಿದೆ, ಯಾರಿಗೂ ಅನುಮಾನವಿಲ್ಲ. ನಾನು ಬಾಯಿ ಬಿಡದಿದ್ದರೆ ಯಾರೂ ಕೇಳುವುದಿಲ್ಲ. ಬಾಯಿ ಬಿಟ್ಟರೆ ಅರವತ್ತೊಂದೂ ಅನುಮಾನ, ಅದೂ ಕಲಸಿದ್ದಕ್ಕಲ್ಲ, ಕೇಳಲು ಬಾರದ್ದಕ್ಕೆ. ಸಹಾಯಕ ಅಂದದ್ದು ಅವನಿಗೇ ಗೊತ್ತಿಲ್ಲದೆ ನಿಜವಾಗುತ್ತದೆ. ಬಸ್ಸಿನ ಕಂಬಿ ಹಿಡಿದು ಹೇಳುವುದು, ಬಿಡುವುದು, ಹೇಳುವುದು ಎಂದು ಅದೆಷ್ಟು ಸಲ ತಿರುಗಿದೆನೋ. ಇಳಿಯುವಾಗಲೂ ತೀರ್ಮಾನ ಆಗಿರಲಿಲ್ಲ.

ಗೋದಾಮಿನ ಕೋಣೆಯಲ್ಲಿ ಮೇಡಂ ನ್ಯಾಮತಿಯ ಲೆಕ್ಕವನ್ನು ವರದಿಯ ಹಾಳೆಗೆ ಇಳಿಸುತ್ತಿದ್ದರು. ಅವರದೂ ನನ್ನ ಹಾಗೆ ಚಂದದ ಅಕ್ಷರ. ಒಂಬತ್ತನೇ ಸಾಲಿಗೆ ಬಂದಿದ್ದರು. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಮೇಡಂ, ಅದನ್ನ ಬರೀಬೇಡ್ರಿ," ಅಂದೆ. "ಚೀಟಿ ಕಲಸಿಲ್ಲ. ನಾನು ಕೇಳಿದ್ದೇ ತಪ್ಪು. ಎಲ್ಲಾ ಊರಲ್ಲೂ."

ನಿಂತುಕೊಂಡೇ ಎಲ್ಲಾ ಹೇಳಿದೆ. ಮಂದೆ, ಮಳೆ, ಒದ್ದೆ ಗದ್ದೆ, ಗೂಟದ ಕುರಿ, ದಲ್ಲಾಳಿ. ಸಹಾಯಕ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಷೆಯ ಹತ್ತಿರ ಹೋಗಿ ನ್ಯಾಮತಿಯಿಂದ ಬಿಳಿಚೋಡಿಗೆ ಬೆರಳು ಎಳೆದು, ಎಷ್ಟು ದಿನದ ನಡಿಗೆ ಎಂದು ಕೇಳಿದ. ಏಳು ದಿನ ಇರಬೇಕು ಅಂದೆ. ಅವನು ಕಾಗದ ತೆಗೆದು ಏನೋ ಗುಣಿಸಿ, ಏಳು ದಿನಕ್ಕೆ ಇಷ್ಟು ಕಡಿಮೆಯಾಗಬೇಕು, ಆಗಿದೆ ಅಂದ. ನನಗೆ ಹೇಳಲಿಲ್ಲ, ಮೇಡಂಗೆ ಹೇಳಿದ.

ಮೇಡಂ ಬರೆಯುತ್ತಿದ್ದ ಹಾಳೆ ತೆಗೆದಿಟ್ಟರು. ಆಮೇಲೆ ಕೆಂಪು ಪೆನ್ಸಿಲ್ ನನ್ನ ಕಡೆ ಸರಿಸಿದರು. ಊರಿನ ಕಾಲಂ ನೀವೇ ಹೊಡೆದುಹಾಕಿ ಅಂದರು. ಅರವತ್ತೊಂದು ಸಾಲಿಗೂ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಹೊಸ ಕಾಲಂ ಬರೆದೆ: ಕೊಯ್ಯುವ ಮುಂಚಿನ ಇಪ್ಪತ್ತು ದಿನ ಎಲ್ಲಿ ಮೇಯ್ದಿತ್ತು. ವರದಿಯನ್ನು ಒಂದು ವಾರ ಮುಂದಕ್ಕೆ ಹಾಕಲು ಅವರು ತಂತಿ ಕೊಟ್ಟರು. ಅಷ್ಟರೊಳಗೆ ಕೇಳಿ ತಂದರೆ ತಂದದ್ದು, ಇಲ್ಲದ್ದು ಇಲ್ಲ.

ಎರಡನೇ ಸುತ್ತಿಗೆ ಸಹಾಯಕನೂ ಜೊತೆಗೆ ಬಂದ. ಮೇಡಂ ಕಳಿಸಿದರೋ, ತಾನೇ ಬಂದನೋ ನಾನು ಕೇಳಲಿಲ್ಲ. ಹೊನ್ನಾಳಿಯ ಅಂಗಡಿಯಲ್ಲಿ ಅವನಿಗೆ ತಲೆ ಸುತ್ತಿತು. ಸಾಬರು ಸ್ಟೂಲ್ ಎಳೆದು ಕೂರಿಸಿ, "ಓದಿದೋರು ಕುಂತ್ಕಳ್ರಿ, ಬಿಟ್ಟೋರು ನಿಂತ್ಕಂತಾರೆ," ಅಂದರು. ಆ ಬುಧವಾರ ಸಂಜೆ ಅಂಗಡಿಗೆ ಹೋದಾಗ ಸಿಟ್ಟಿನಲ್ಲಿ ನಾನೇ ಅವರ ಮುಂದೆ ಎಲ್ಲಾ ಕಾರಿಕೊಂಡಿದ್ದೆ. ಸಹಾಯಕ ನನ್ನನ್ನು ನೋಡಿ, ನಾನು ಅವನನ್ನು ನೋಡಿ, ಇಬ್ಬರಿಗೂ ನಗು ಬಂತು. ಆದರೂ ಅವನು ತನ್ನ ಮಾತು ವಾಪಸ್ ತಗೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಊರಿಂದ ಊರಿಗೆ, ಅಂಗಡಿಯಿಂದ ಹಟ್ಟಿಗೆ ಹೋದೆವು. ಕತ್ತಲಗೆರೆಯ ಹತ್ತಿರ ಒಂದು ಮಂದೆ ಇನ್ನೂ ಗದ್ದೆಯಲ್ಲೇ ಇತ್ತು. ಆ ಕುರಿಗಾರ ಯಾವ ದಿನ ಯಾರ ಗದ್ದೆ ಎಂದು ಕೋಲಿನ ಮೇಲೆ ಕಚ್ಚು ಹಾಕಿಕೊಂಡಿದ್ದ. ಅದನ್ನು ನೋಡಿ ಐದು ಸೀಸೆಗೆ ಜಾಗ ಸಿಕ್ಕಿತು. ಸಹಾಯಕ ಕೋಲು ಹಿಡಿದು ಕಚ್ಚು ಎಣಿಸಿದ, ನಾನು ಬರೆದೆ. ನ್ಯಾಮತಿಯ ದಲ್ಲಾಳಿಯನ್ನು ಮೂರು ಸಲ ಹುಡುಕಿ ಹೋದೆವು. ಮೂರನೇ ಸಲ ಸಿಕ್ಕ. ಕುರಿಯನ್ನು ಐದಾರು ಸಂತೆಯಿಂದ ಕೊಂಡು ಒಂದೇ ಕೊಟ್ಟಿಗೆಯಲ್ಲಿ ಕೂಡಿದ್ದನಂತೆ. ಕೂಡಿದ ಮೇಲೆ ಯಾವುದು ಎಲ್ಲಿಯದು ಎಂದು ಅವನಿಗೂ ಗೊತ್ತಿಲ್ಲ. ಇದ್ದದ್ದು ಇದ್ದಂಗೆ ಹೇಳಿದ, ಅದಕ್ಕೆ ಅವನ ಮೇಲೆ ಸಿಟ್ಟಿಲ್ಲ. ಮೇಡಂ ಖುಷಿಪಟ್ಟಿದ್ದ ಹದಿಮೂರೂ ಹೋದವು.

ವಾರದ ಕೊನೆಗೆ ಜಗಳೂರಿನ ಹದಿನೈದು, ಹೊನ್ನಾಳಿಯ ಹನ್ನೆರಡು, ಚನ್ನಗಿರಿಯ ಹನ್ನೊಂದು ಉಳಿದವು. ನ್ಯಾಮತಿಯ ಮಳೆಗೆ ಕೊನೆಗೆ ಸಾಕ್ಷಿ ಹೇಳಿದ್ದು ನ್ಯಾಮತಿಯ ಒಂದು ಸೀಸೆಯೂ ಅಲ್ಲ, ಬಿಳಿಚೋಡಿನವು. ಮೇಡಂ ವರದಿಯಲ್ಲಿ ಸಂಗ್ರಹಿಸಿದವರ ತಪ್ಪು ಎಂದು ಬರೆದರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಬರೆದರೆ ಬರೆಯಲಿ ಅನ್ನಿಸಿತ್ತು. ಜೂನ್ ಮಳೆ ಹಿಡಿದ ಮೇಲೆ ಕುರಿಯಲ್ಲಿ ಅಯೋಡಿನ್ ಸಿಗಲಿಲ್ಲ. ಸೀಸದ ಇಟ್ಟಿಗೆಗಳನ್ನು ಮತ್ತೆ ಹೊತ್ತು ಲಾರಿಗೆ ಹಾಕಿದೆ. ಮಾರನೇ ವರ್ಷ ಮಣ್ಣಿನ ಕೆಲಸಕ್ಕೆ ಮೇಡಂ ಅವರೇ ಕಾಗದ ಬರೆದು ಕರೆದರು. ಹೋದೆ.

ವರದಿ ಅಚ್ಚಾದ ಮೇಲೆ ಒಂದು ಪ್ರತಿ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿದೆ, ಪೂರ್ತಿ ಓದಲು ಬರುವುದಿಲ್ಲ, ಕೋಷ್ಟಕ ಓದಲು ಬರುತ್ತದೆ. ಈಗ ನನ್ನ ಹತ್ತಿರ ಎರಡು ಎಕರೆ ಗದ್ದೆ ಇದೆ, ಮೂರು ಕೋಣೆಯ ಮನೆ ಇದೆ, ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳು. ಒಂದು ನೋಟ್‌ಬುಕ್, ಅದರಲ್ಲಿ ಅರವತ್ತೊಂದು ಸಾಲು. ಒಂದು ವರದಿ, ಅದರಲ್ಲಿ ಮೂವತ್ತೆಂಟು.